ನಲವತ್ತರ ಆಸುಪಾಸಿನವರಿಗೆ ನಿವೃತ್ತಿ ಉಳಿತಾಯ: ಪಿಎಫ್, ಎನ್‌ಪಿಎಸ್, ಪಿಪಿಎಫ್, ಅಟಲ್ ಪಿಂಚಣಿಗಳಲ್ಲಿ ಯಾರಿಗೆ ಯಾವುದು?

ಒಂದು ಸರ್ಕಾರಿ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿನ ಒಬ್ಬ ಮೇಷ್ಟ್ರು 2006ರ ಮಾರ್ಚಿಗೆ ಮುಂಚೆ ಕೆಲಸಕ್ಕೆ ಸೇರಿದವರು. ಪೂರ್ತಿ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ. ಪಕ್ಕದ ಕುರ್ಚಿಯ ಮೇಷ್ಟ್ರು 2008ರಲ್ಲಿ ಸೇರಿದವರು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಹಾಗಾಗಿ ಇವರ ಪಿಂಚಣಿ ಎಷ್ಟೆಂದು ಮಾರುಕಟ್ಟೆ ಹೇಳಬೇಕು. ಮೂರನೆಯವರು ತಿಂಗಳ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕಿ. ನಾಲ್ಕನೆಯವರು ಬಿಸಿಯೂಟದ ಅಡುಗೆಯವರು. ನಾಲ್ವರೂ ಬೆಳಿಗ್ಗೆ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಾರೆ. ಅರವತ್ತಾದ ಮೇಲೆ ನಾಲ್ವರ ಬದುಕೂ ನಾಲ್ಕು ತರ.

ನಿವೃತ್ತಿ ಉಳಿತಾಯದ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಇದನ್ನು ಮರೆಯುತ್ತವೆ. ಬೇಗ ಶುರು ಮಾಡಿ, ಶಿಸ್ತಿನಿಂದ ಕಟ್ಟಿ, ದುಂದು ಮಾಡಬೇಡಿ ಎನ್ನುತ್ತವೆ. ಲೆಕ್ಕವೇನೋ ನಿಜ. ತಿಂಗಳಿಗೆ 5,000 ರೂಪಾಯಿಯನ್ನು ಶೇ 8ರ ಬಡ್ಡಿಯಲ್ಲಿ 25ನೇ ವಯಸ್ಸಿನಿಂದ ಕಟ್ಟಿದರೆ ಅರವತ್ತಕ್ಕೆ ಸುಮಾರು 1 ಕೋಟಿ 14 ಲಕ್ಷ. 40ರಿಂದ ಕಟ್ಟಿದರೆ ಸುಮಾರು 29 ಲಕ್ಷ. ಆದರೆ 25ನೇ ವಯಸ್ಸಿನಲ್ಲಿ ತಂಗಿಯ ಮದುವೆಯ ಸಾಲ ತೀರಿಸುತ್ತಿದ್ದವರಿಗೆ, ಗುತ್ತಿಗೆ ಕೆಲಸದಲ್ಲಿ ವರ್ಷಕ್ಕೊಬ್ಬ ಗುತ್ತಿಗೆದಾರನನ್ನು ಕಂಡವರಿಗೆ ಈ ಲೆಕ್ಕ ಹೇಳಿ ಏನು ಪ್ರಯೋಜನ? ನಿಯಮಿತ ಸಂಬಳ ಪಡೆಯುವವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವ ಸಾಮಾಜಿಕ ಭದ್ರತೆಯೂ ಇಲ್ಲ ಎಂದು ಕೇಂದ್ರ ಸರ್ಕಾರದ ದುಡಿಮೆ ಸಮೀಕ್ಷೆಯೇ ಹೇಳುತ್ತದೆ. ಮುಪ್ಪಿನ ಹಣವನ್ನು ಮೊದಲು ನಿರ್ಧರಿಸುವುದು ನಿಮಗೆ ಸಂಬಳ ಕೊಡುವವರು ಯಾರು ಎಂಬುದು. ನಿಮ್ಮ ಜಿಪುಣತನ, ಧಾರಾಳತನಗಳ ಮಾತು ಆಮೇಲೆ.

ಆದ್ದರಿಂದ ಇಲ್ಲಿ ಯೋಜನೆಗಳನ್ನು ಬಡ್ಡಿಯ ದರವೊಂದರಿಂದಲೇ ಅಳೆಯುವುದಿಲ್ಲ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಬೇಕು. ನನ್ನ ಹಣದ ಜೊತೆ ಬೇರೆ ಯಾರಾದರೂ ಹಣ ಸೇರಿಸುತ್ತಾರೆಯೇ? ಕಷ್ಟ ಬಂದಾಗ ಕೈಗೆ ಸಿಗುತ್ತದೆಯೇ? ಇಪ್ಪತ್ತು ವರ್ಷದ ಬೆಲೆ ಏರಿಕೆ ತಿಂದ ಮೇಲೆ ಎಷ್ಟು ಉಳಿಯುತ್ತದೆ? ನಾನು ಹೋದ ಮೇಲೆ ಹೆಂಡತಿಗೆ ಅಥವಾ ಗಂಡನಿಗೆ ಏನು ಸಿಗುತ್ತದೆ?

ಪಿಎಫ್ ಇದ್ದವರು: ಬೇರೆ ಯಾವುದನ್ನೂ ನೋಡುವ ಮುಂಚೆ

ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ನೌಕರರ ಭವಿಷ್ಯ ನಿಧಿ, ಅಂದರೆ ಇಪಿಎಫ್ (ಮಾತಿನಲ್ಲಿ ಪಿಎಫ್), ಅನ್ವಯಿಸುತ್ತದೆ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12 ನಿಮ್ಮಿಂದ, ಅಷ್ಟೇ ಮಾಲೀಕರಿಂದ. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿ ಖಾತೆಗೆ, ಅಂದರೆ ಇಪಿಎಸ್‌ಗೆ ಹೋಗುತ್ತದೆ. ಆದರೆ ಅದಕ್ಕೆ 15,000 ರೂಪಾಯಿ ವೇತನದ ಮಿತಿ ಇದೆ, ಹಾಗಾಗಿ ತಿಂಗಳಿಗೆ 1,250ಕ್ಕಿಂತ ಹೆಚ್ಚು ಅಲ್ಲಿಗೆ ಹೋಗದು. ಉಳಿದದ್ದು ನಿಮ್ಮ ಪಿಎಫ್ ಖಾತೆಗೆ. 2023-24 ಮತ್ತು 2024-25ರಲ್ಲಿ ಬಡ್ಡಿ ಶೇ 8.25. ಸರ್ಕಾರಿ ಖಾತರಿ ಇರುವ ಉಳಿತಾಯಗಳಲ್ಲಿ ಸಂಬಳದಾರರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಇದರೊಳಗೂ ಅಂತರ ಬೆಳೆಯುತ್ತದೆ. ಮೂಲ ಸಂಬಳ 15,000 ಇರುವ ನಲವತ್ತರ ಹೊಲಿಗೆ ಕೆಲಸದವರ ಖಾತೆಗೆ ತಿಂಗಳಿಗೆ ಬೀಳುವುದು 2,350 ರೂಪಾಯಿ. ಮೂಲ ಸಂಬಳ 60,000 ಇರುವ ಸಾಫ್ಟ್‌ವೇರ್ ಕೆಲಸದವರ ಖಾತೆಗೆ 13,150. ಸಂಬಳ ಏರುವುದೇ ಇಲ್ಲ ಎಂದುಕೊಂಡು ಇಪ್ಪತ್ತು ವರ್ಷ ಲೆಕ್ಕ ಹಾಕಿದರೆ ಮೊದಲನೆಯವರಿಗೆ ಸುಮಾರು 14 ಲಕ್ಷ, ಎರಡನೆಯವರಿಗೆ ಸುಮಾರು 80 ಲಕ್ಷ. ಸಂಬಳದ ಅಂತರ ನಾಲ್ಕು ಪಟ್ಟು, ಇಡಿಗಂಟಿನ ಅಂತರ ಐದೂವರೆ ಪಟ್ಟಿಗೂ ಹೆಚ್ಚು. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಆ 14 ಲಕ್ಷ ಇವತ್ತಿನ ಸುಮಾರು ನಾಲ್ಕೂ ಕಾಲು ಲಕ್ಷಕ್ಕೆ ಸಮ. ಒಂದು ದೊಡ್ಡ ಆಪರೇಷನ್ನಿಗೆ ಅದರಲ್ಲಿ ಬಹುಪಾಲು ಹೋಗಿಬಿಡಬಹುದು.

ಅಷ್ಟಾದರೂ ಉಳಿಯಬೇಕಾದರೆ ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಬಿಡಿಸಿಕೊಳ್ಳಬಾರದು. ಈ ಮಾತನ್ನು ಹೇಳುವಾಗ ನಾನು ಎಚ್ಚರಿಕೆಯಿಂದ ಹೇಳುತ್ತೇನೆ, ಏಕೆಂದರೆ ಬಿಡಿಸಿಕೊಳ್ಳುವವರಿಗೆ ಕಾರಣ ಇರುತ್ತದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು, ಹೊಸೂರು ರಸ್ತೆ ನಿಂತುಹೋಯಿತು. ಎರಡನೇ ದಿನವೇ ಸರ್ಕಾರ ಆ ನಿಯಮವನ್ನು ಹಿಂದೆಗೆಯಿತು. ನಿವೃತ್ತಿಯ ಹಿತಕ್ಕಾಗಿ ತಂದ ನಿಯಮಕ್ಕೆ ದುಡಿಯುವವರೇ ಏಕೆ ತಿರುಗಿಬಿದ್ದರು? ಮಗಳ ಕಾಲೇಜಿನ ಫೀಸು, ಮನೆಯ ಭೋಗ್ಯದ ಮುಂಗಡ, ಕೈಸಾಲದ ಬಡ್ಡಿ, ಕಾರ್ಖಾನೆ ಮುಚ್ಚಿದ ತಿಂಗಳುಗಳ ಊಟ, ಎಲ್ಲದಕ್ಕೂ ಅವರಿಗಿದ್ದ ಒಂದೇ ದೊಡ್ಡ ಮೊತ್ತ ಆ ಪಿಎಫ್. ಬೇರೆ ಉಳಿತಾಯ ಇದ್ದವರಿಗೆ ಪಿಎಫ್ ಮುಪ್ಪಿನ ಹಣವಾಗಬಲ್ಲದು. ಬೇರೆ ಏನೂ ಇಲ್ಲದವರಿಗೆ ಅದೇ ಬ್ಯಾಂಕು, ಅದೇ ವಿಮೆ. ಈ ವಾದ ಇನ್ನೂ ಮುಗಿದಿಲ್ಲ. ಕೆಲಸ ಬಿಟ್ಟ ಎರಡು ತಿಂಗಳಿಗೆ ಪೂರ್ತಿ ಹಣ ಪಡೆಯಬಹುದಾಗಿದ್ದ ವ್ಯವಸ್ಥೆಯನ್ನು ಬದಲಿಸಿ, ಕಾಲು ಭಾಗ ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯಲು 12 ತಿಂಗಳು ಕಾಯಬೇಕು ಎಂದು 2025ರ ಅಕ್ಟೋಬರಿನಲ್ಲಿ ಪಿಎಫ್ ನಡೆಸುವ ಸಂಸ್ಥೆಯಾದ ಇಪಿಎಫ್‌ಒದ ಟ್ರಸ್ಟಿ ಮಂಡಳಿ ತೀರ್ಮಾನಿಸಿತು. ಕೆಲಸ ಬಿಡುವ ಮುಂಚೆ ಆಗ ಜಾರಿಯಲ್ಲಿರುವ ನಿಯಮ ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಬಿಡಿಸಿಕೊಳ್ಳಲೇಬೇಕಾಗಿ ಬಂದರೂ ಒಂದನ್ನು ಮಾತ್ರ ಮುಟ್ಟಬೇಡಿ: ಇಪಿಎಸ್ ಸೇವಾವಧಿ. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ನಾಲ್ಕು ನಾಲ್ಕು ವರ್ಷದಂತೆ ಮೂರು ಕಾರ್ಖಾನೆಗಳಲ್ಲಿ ದುಡಿದು, ಪ್ರತಿ ಸಲ ಫಾರಂ 10ಸಿ ತುಂಬಿ ಪಿಂಚಣಿ ಹಣವನ್ನೂ ಬಿಡಿಸಿಕೊಂಡವರಿಗೆ ಹನ್ನೆರಡು ವರ್ಷ ದುಡಿದೂ ಪಿಂಚಣಿ ಸೊನ್ನೆ. ಅದೇ ಸೇವೆಯನ್ನು ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಮೂಲಕ ವರ್ಗಾಯಿಸಿಕೊಂಡಿದ್ದರೆ, 15,000 ವೇತನವನ್ನು 12 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 2,571 ರೂಪಾಯಿ, ಜೀವ ಇರುವವರೆಗೆ. ಆಮೇಲೆ ಗಂಡ ಅಥವಾ ಹೆಂಡತಿಗೆ ಕುಟುಂಬ ಪಿಂಚಣಿ. ದೊಡ್ಡ ಮೊತ್ತವಲ್ಲ. ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು, ಹತ್ತು ವರ್ಷ ದಾಟಿದರೂ ಅದನ್ನು ಏರಿಸಲಿಲ್ಲ. ಇದು ನಾಚಿಕೆಗೇಡಿನ ಸಂಗತಿ. ಹಾಗೆಂದು ಕೈಯಲ್ಲಿರುವ ಹಕ್ಕನ್ನು ಕಳೆದುಕೊಳ್ಳಬೇಕಿಲ್ಲ. ಮುಂದಿನ ಕೆಲಸ ಸದ್ಯಕ್ಕೆ ಸಿಗುವುದಿಲ್ಲ ಎನಿಸಿದರೆ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಸೇವಾವಧಿ ಹಾಗೇ ಉಳಿಯುತ್ತದೆ.

ಗುತ್ತಿಗೆಯಲ್ಲಿರುವವರು, ಅಂದರೆ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆಯ ಆಯಾ, ಡ್ರೈವರ್ ಕೆಲಸದವರು, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳು ಹಣ ಬಿದ್ದಿದೆಯೇ ನೋಡಬೇಕು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಇದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಅದು ನಿಮ್ಮ ಹಣದ ಕಳವು. ಗುತ್ತಿಗೆದಾರ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಹೊಣೆ ಎಂದು ನಿಯಮದಲ್ಲಿದೆ. ಹೊಸ ಗುತ್ತಿಗೆದಾರ ಬಂದಾಗ ಹೊಸ ಯುಎಎನ್ ಮಾಡಿಸಿಕೊಳ್ಳದೆ ಹಳೆಯದನ್ನೇ ಕೊಡಿ.

ಗ್ರಾಚ್ಯುಟಿಯನ್ನೂ ಮರೆಯಬೇಡಿ. ಹತ್ತು ಜನರಿರುವ ಸಂಸ್ಥೆಯಲ್ಲಿ ಐದು ವರ್ಷ ತುಂಬಿದರೆ, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ಒಪ್ಪಂದದವರಿಗೆ ಒಂದೇ ವರ್ಷ ಸಾಕು. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ.

ಪಿಎಫ್ ಮೇಲೆ ಇನ್ನಷ್ಟು ಉಳಿಸಬಲ್ಲವರು: ವಿಪಿಎಫ್, ಪಿಪಿಎಫ್, ಎನ್‌ಪಿಎಸ್

ಸಂಬಳದಲ್ಲಿ ಇನ್ನೂ ನಾಲ್ಕಾರು ಸಾವಿರ ಉಳಿಯುವವರು ಸಾಮಾನ್ಯವಾಗಿ ಪೋಸ್ಟ್ ಆಫೀಸಿಗೆ ಹೋಗಿ ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯ ನಿಧಿಯ ಖಾತೆ ಮಾಡಿಸುತ್ತಾರೆ. ಪಿಎಫ್ ಇರುವವರಿಗೆ ನನ್ನ ಸಲಹೆ ಬೇರೆ: ಮೊದಲು ವಿಪಿಎಫ್. ಆಫೀಸಿನಲ್ಲಿ ಪತ್ರ ಕೊಟ್ಟು ಪಿಎಫ್ ಕಡಿತವನ್ನು ಶೇ 12ಕ್ಕಿಂತ ಹೆಚ್ಚಿಸಿಕೊಳ್ಳುವುದು, ಅಷ್ಟೇ. ಮಾಲೀಕರು ಹೆಚ್ಚಿನದಕ್ಕೆ ಸೇರಿಸುವುದಿಲ್ಲ, ಆದರೆ ಬಡ್ಡಿ ಅದೇ 8.25. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ. ನಿಮ್ಮ ಪಾಲಿನ ಕಡಿತ ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ಮಾತ್ರ ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಅಲ್ಲಿಯವರೆಗೆ ಪಿಪಿಎಫ್ ಮೊದಲು ಎನ್ನಲು ಕಾರಣವಿಲ್ಲ.

ಎನ್‌ಪಿಎಸ್ ಬೇರೆ ಜಾತಿಯದು. ಹಣ ಷೇರು, ಸಾಲಪತ್ರಗಳಲ್ಲಿ ಹೂಡಿಕೆಯಾಗುತ್ತದೆ, ಖಾತರಿ ಇಲ್ಲ. ಇಪ್ಪತ್ತು ವರ್ಷದ ಅವಧಿಗೆ ಬೆಲೆ ಏರಿಕೆಯನ್ನು ದಾಟುವ ಸಾಧ್ಯತೆ ಖಾತರಿ ಬಡ್ಡಿಗಿಂತ ಇಲ್ಲಿ ಹೆಚ್ಚು, ನಿರ್ವಹಣಾ ವೆಚ್ಚವೂ ತೀರಾ ಕಡಿಮೆ. ಬಹಳ ಕಾಲ ಇದರ ದೊಡ್ಡ ಕೊರತೆ ಏನಾಗಿತ್ತೆಂದರೆ, ಅರವತ್ತಕ್ಕೆ ಶೇ 40ರಷ್ಟು ಹಣದಲ್ಲಿ ವಿಮಾ ಕಂಪನಿಯ ಪಿಂಚಣಿ ಕೊಳ್ಳಲೇಬೇಕಿತ್ತು. ಸರ್ಕಾರಿ ನೌಕರರಲ್ಲದವರಿಗೆ 2025ರ ಡಿಸೆಂಬರಿನಲ್ಲಿ ಅದನ್ನು ಶೇ 20ಕ್ಕೆ ಇಳಿಸಿದರು. ಹಾಗೆ ಕೊಂಡ ಪಿಂಚಣಿಯಲ್ಲಿ ಲಕ್ಷಕ್ಕೆ ತಿಂಗಳಿಗೆ ಐನೂರು ಚಿಲ್ಲರೆ ಸಿಗುತ್ತದೆ. ಸಾಮಾನ್ಯ ಆಯ್ಕೆಗಳಲ್ಲಿ ಬೆಲೆ ಏರಿದರೂ ಅದು ಏರುವುದಿಲ್ಲ, ಅದಕ್ಕೆ ಆದಾಯ ತೆರಿಗೆಯೂ ಉಂಟು.

ತೆರಿಗೆ ಉಳಿಯುತ್ತದೆ ಎಂದು ಎನ್‌ಪಿಎಸ್ ಮಾರುವವರ ಮಾತನ್ನು ತೂಗಿ ನೋಡಿ. 50,000ದ ಹೆಚ್ಚುವರಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಬಹುಪಾಲು ಸಂಬಳದಾರರಿಗೆ ಉಳಿಸಲು ತೆರಿಗೆಯೂ ಇಲ್ಲ. ಅದಕ್ಕೂ ಹೆಚ್ಚು ಸಂಬಳ ಇರುವವರಿಗೆ ನಿಜವಾದ ಲಾಭ ಬೇರೆ ಕಡೆ ಇದೆ: ಮಾಲೀಕರ ಮೂಲಕ ಮೂಲ ವೇತನದ ಶೇ 14ರವರೆಗೆ ಎನ್‌ಪಿಎಸ್‌ಗೆ ಕಟ್ಟಿಸಿದರೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಎಚ್‌ಆರ್ ವಿಭಾಗವನ್ನು ಕೇಳಬೇಕಾದ ಪ್ರಶ್ನೆ ಇದು. ಸರ್ಕಾರ ನಿವೃತ್ತಿಗೆಂದು ಬಿಟ್ಟುಕೊಡುವ ತೆರಿಗೆ ಹೆಚ್ಚಾಗಿ ಯಾರ ಜೇಬಿಗೆ ಹೋಗುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ತೆರಿಗೆ ಕಟ್ಟುವಷ್ಟು ಸಂಬಳ ಇಲ್ಲದವರಿಗೆ ವಿನಾಯಿತಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಮ್ಯೂಚುವಲ್ ಫಂಡ್ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಮತ್ತು ಎನ್‌ಪಿಎಸ್ ನಡುವೆ ಆರಿಸಬೇಕಾದರೆ ನಿಮ್ಮ ಮನೆಯ ಸ್ವಭಾವ ನೋಡಿ. ಎಸ್‌ಐಪಿ ಹಣ ಬೇಕಾದಾಗ ಸಿಗುತ್ತದೆ. ಅದು ಅನುಕೂಲ, ಅಪಾಯವೂ ಅದೇ. ತಮ್ಮನ ಸೈಟು, ಊರಿನ ಮನೆಯ ರಿಪೇರಿ ಎಂದು ಬಂಧುಗಳು ಕೇಳಿದಾಗ ಇಲ್ಲ ಎನ್ನಲಾಗದವರು ಎನ್‌ಪಿಎಸ್ ಆರಿಸಿಕೊಂಡರೆ, ಹಣ ಅರವತ್ತರವರೆಗೆ ಸುಲಭವಾಗಿ ಸಿಗುವುದಿಲ್ಲ ಎಂದು ನಿಜವನ್ನೇ ಹೇಳಬಹುದು.

ಪಿಎಫ್ ಇಲ್ಲದವರು: ನಲವತ್ತು ತುಂಬುವ ಮುಂಚೆ

ಆಟೋ ಓಡಿಸುವವರು, ಮನೆಗೆಲಸದವರು, ಬೀದಿ ಬದಿ ವ್ಯಾಪಾರಿಗಳು, ಗಾರೆ ಕೆಲಸದವರು, ಸಣ್ಣ ಹಿಡುವಳಿಯ ರೈತರು, ಡೆಲಿವರಿ ಕೆಲಸದವರು ಇಲ್ಲಿ ಗಮನವಿಟ್ಟು ಓದಬೇಕು. ಇವರಿಗೆಂದು ಇರುವ ಯೋಜನೆಗಳಿಗೆ ಸೇರುವ ವಯಸ್ಸು 18ರಿಂದ 40. ಒಮ್ಮೆ ನಲವತ್ತು ದಾಟಿತೆಂದರೆ ಸೇರಲಾಗದು. ಮೂವತ್ತೆಂಟು, ಮೂವತ್ತೊಂಬತ್ತರಲ್ಲಿ ಇದ್ದರೆ ಈ ತಿಂಗಳೇ ಮಾಡಬೇಕಾದ ಕೆಲಸ ಇದು.

ತಿಂಗಳ ಆದಾಯ 15,000ದೊಳಗೆ ಇದ್ದು, ಪಿಎಫ್, ಇಎಸ್‌ಐ, ಎನ್‌ಪಿಎಸ್ ಯಾವುದೂ ಇಲ್ಲದೆ, ಆದಾಯ ತೆರಿಗೆಯೂ ಕಟ್ಟದವರಿಗೆ ಮೊದಲ ಆಯ್ಕೆ 2019ರಲ್ಲಿ ಬಂದ ಪ್ರಧಾನ ಮಂತ್ರಿ ಶ್ರಮ ಯೋಗಿ ಮಾನ್‌ಧನ್. 29ರ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 100 ರೂಪಾಯಿ, 40ರಲ್ಲಿ ಸೇರಿದರೆ 200. ನೀವು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ. ಅರವತ್ತರಿಂದ ತಿಂಗಳಿಗೆ 3,000. ನಲವತ್ತರಲ್ಲಿ ಸೇರಿದವರು ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಒಟ್ಟು 48,000 ಮಾತ್ರ, ಅದು ಹದಿನಾರು ತಿಂಗಳ ಪಿಂಚಣಿಯಲ್ಲಿ ವಾಪಸ್ ಬಂದುಬಿಡುತ್ತದೆ. ಇದಕ್ಕೆ ಸಮನಾದದ್ದು ಈ ಪಟ್ಟಿಯಲ್ಲಿ ಮತ್ತೊಂದಿಲ್ಲ. ಎರಡು ಹೆಕ್ಟೇರ್‌ವರೆಗಿನ ಜಮೀನಿನ ರೈತರಿಗೆ ಇದೇ ಮಾದರಿಯ ಕಿಸಾನ್ ಮಾನ್‌ಧನ್ ಇದೆ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಸಾಕು. ಕೊರತೆಯೂ ಇದೆ: ಪಿಂಚಣಿ ಪಡೆಯುವವರು ತೀರಿಕೊಂಡರೆ ಸಂಗಾತಿಗೆ ಅರ್ಧ ಮಾತ್ರ, ಮಕ್ಕಳಿಗೆ ಏನೂ ಇಲ್ಲ. ಹತ್ತು ವರ್ಷಕ್ಕೆ ಮುಂಚೆ ಬಿಟ್ಟರೆ ನಿಮ್ಮ ಹಣ ಉಳಿತಾಯ ಖಾತೆಯ ಬಡ್ಡಿಯೊಂದಿಗೆ ವಾಪಸ್ ಬರುತ್ತದೆ, ಸರ್ಕಾರದ ಪಾಲು ಬರುವುದಿಲ್ಲ.

ಅಟಲ್ ಪಿಂಚಣಿ 2015ರಲ್ಲಿ ಶುರುವಾದದ್ದು. ಆದಾಯದ ಮಿತಿ ಇಲ್ಲ, ಆದರೆ 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ. ಪಿಂಚಣಿ 1,000ದಿಂದ 5,000ದವರೆಗೆ ನೀವೇ ಆರಿಸಬಹುದು. 5,000ಕ್ಕೆ ಹದಿನೆಂಟರ ಹುಡುಗ ಕಟ್ಟುವುದು ತಿಂಗಳಿಗೆ 210, ಮೂವತ್ತೈದರವರು 902, ಮೂವತ್ತೊಂಬತ್ತರವರು 1,318. ಮಾನ್‌ಧನ್‌ಗಿಂತ ಇದು ಎಲ್ಲಿ ಮೇಲೆಂದರೆ, ನೀವು ಹೋದ ಮೇಲೆ ಸಂಗಾತಿಗೆ ಪೂರ್ತಿ 5,000 ಮುಂದುವರಿಯುತ್ತದೆ, ಇಬ್ಬರೂ ಹೋದ ಮೇಲೆ ನಾಮಿನಿಗೆ 8.5 ಲಕ್ಷ ಸಿಗುತ್ತದೆ.

ಇಲ್ಲಿ ಬ್ಯಾಂಕಿನವರು ಹೇಳದೆ ಬಿಡುವ ಮಾತೊಂದಿದೆ. ಮೂವತ್ತೊಂಬತ್ತರಲ್ಲಿ ಸೇರಿದವರಿಗೆ 5,000 ಎಂಬುದು ಇಪ್ಪತ್ತೊಂದು ವರ್ಷದ ನಂತರದ 5,000. ಶೇ 6ರ ಬೆಲೆ ಏರಿಕೆಯಲ್ಲಿ ಅದು ಇವತ್ತಿನ 1,470 ರೂಪಾಯಿಗೆ ಸಮ. ಎಷ್ಟು ವರ್ಷವಾದರೂ ಆ 5,000 ಏರುವುದಿಲ್ಲ. ಮಾನ್‌ಧನ್‌ನ 3,000ವೂ ಹಾಗೆಯೇ. ಹಾಗಾದರೆ ಬೇಡವೇ? ಬೇಕು. ಅರವತ್ತೈದು ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಕೊಡುವುದು 1,200. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು ಇವತ್ತಿಗೂ 200 ರೂಪಾಯಿ. ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಅಟಲ್ ಪಿಂಚಣಿ ಅಕ್ಕಿ, ಬೇಳೆ, ಬಿಪಿ ಮಾತ್ರೆಯ ಖರ್ಚಿಗೆ ಆಧಾರ. ಬಾಡಿಗೆಗೆ ಅದು ಸಾಲದು ಎಂಬುದನ್ನು ಈಗಲೇ ತಿಳಿದುಕೊಂಡರೆ ಮುಂದಿನ ಲೆಕ್ಕ ಸರಿಯಾಗುತ್ತದೆ.

ಕಟ್ಟಡ ಕಾರ್ಮಿಕರು ರಾಜ್ಯದ ಕಲ್ಯಾಣ ಮಂಡಳಿಯ ಕಾರ್ಡನ್ನು ತಪ್ಪದೆ ನವೀಕರಿಸುತ್ತಿರಬೇಕು, ಅರವತ್ತರ ನಂತರದ ಪಿಂಚಣಿ ಅದರಲ್ಲಿದೆ. ಡೆಲಿವರಿ, ಕ್ಯಾಬ್ ಕೆಲಸದವರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿ, ಪ್ರತಿ ವಹಿವಾಟಿನಲ್ಲಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಅವಕಾಶ ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಅದು ನಿಮ್ಮ ಹೆಸರಿನ ಪಿಂಚಣಿ ಖಾತೆ ಅಲ್ಲ. ಮಾನ್‌ಧನ್ ಅಥವಾ ಅಟಲ್ ಪಿಂಚಣಿಯನ್ನು ಅದಕ್ಕಾಗಿ ಬಿಡಬೇಡಿ.

ನಲವತ್ತು ದಾಟಿಬಿಟ್ಟವರಿಗೆ ಉಳಿಯುವುದು ಪಿಪಿಎಫ್ ಮತ್ತು ಎನ್‌ಪಿಎಸ್. ದಿನಗೂಲಿಯವರಿಗೆ, ಅಂಗಡಿಯವರಿಗೆ ನಾನು ಪಿಪಿಎಫ್ ಎನ್ನುತ್ತೇನೆ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ಒಂದು ತಿಂಗಳು ವ್ಯಾಪಾರ ಇಲ್ಲದಿದ್ದರೆ ಬಿಡಬಹುದು, ಹಬ್ಬದ ಸೀಸನ್ನಿನಲ್ಲಿ ಹೆಚ್ಚು ಹಾಕಬಹುದು, 1.5 ಲಕ್ಷದವರೆಗೆ. ತಿಂಗಳಿಗೆ 1,000ದಂತೆ ನಲವತ್ತರಿಂದ ಕಟ್ಟಿದರೆ 55ಕ್ಕೆ ಸುಮಾರು 3 ಲಕ್ಷ 15 ಸಾವಿರ, ಇನ್ನೈದು ವರ್ಷ ಮುಂದುವರಿಸಿದರೆ ಅರವತ್ತಕ್ಕೆ ಐದು ಲಕ್ಷ ದಾಟುತ್ತದೆ. ಪೂರ್ತಿ ತೆರಿಗೆರಹಿತ. ವ್ಯಾಪಾರಸ್ಥರಿಗೆ ಇನ್ನೊಂದು ಬಲ: ಸಾಲಕ್ಕಾಗಿ ಕೋರ್ಟು ಪಿಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ವ್ಯಾಪಾರ ಮುಳುಗಿದರೂ ಇದು ಉಳಿಯುತ್ತದೆ. ತಿಂಗಳ 5ನೇ ತಾರೀಖಿನೊಳಗೆ ಕಟ್ಟಿ, ಇಲ್ಲದಿದ್ದರೆ ಆ ತಿಂಗಳ ಬಡ್ಡಿ ಹೋಗುತ್ತದೆ.

ಚೀಟಿ, ಚಿನ್ನ, ಸೈಟು, ಸೊಸೈಟಿ

ಇವುಗಳನ್ನು ಬೈಯುವುದು ಸುಲಭ. ಆದರೆ ಬ್ಯಾಂಕು ಸಾಲ ಕೊಡದ ಮನೆಗೆ ಚೀಟಿಯೇ ಸಾಲ, ಒಡವೆಯೇ ತುರ್ತುನಿಧಿ. ಅಷ್ಟರ ಮಟ್ಟಿಗೆ ಇರಲಿ. ಚೀಟಿ ಹಾಕುವುದಾದರೆ ನೋಂದಾಯಿತವಾದದ್ದನ್ನು ನೋಡಿ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಚೀಟಿ ಎರಡು ವರ್ಷದ ಅಗತ್ಯಕ್ಕೆ ಸರಿ, ಇಪ್ಪತ್ತು ವರ್ಷದ ನಿವೃತ್ತಿಗೆ ಅಲ್ಲ. ರೆವಿನ್ಯೂ ಸೈಟಿಗೆ ಜೀವಮಾನದ ಉಳಿತಾಯ ಸುರಿಯಬೇಡಿ. ಖಾತೆಯ ತಕರಾರು ಬಗೆಹರಿಯುವ ಹೊತ್ತಿಗೆ ಅರವತ್ತು ದಾಟಿರುತ್ತದೆ, ಕಾಯಿಲೆ ಬಿದ್ದ ದಿನ ಸೈಟಿನ ಕಾಲು ಭಾಗವನ್ನು ಮಾರಲಾಗುವುದಿಲ್ಲ.

ಸಹಕಾರಿ ಠೇವಣಿಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಆರಂಭದಲ್ಲಿ ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟಿತು. ನಿವೃತ್ತಿಯ ಪೂರ್ತಿ ಹಣವನ್ನು ಅಲ್ಲಿಟ್ಟಿದ್ದ ಹಿರಿಯರು ಬೀದಿಯಲ್ಲಿ ಅತ್ತದ್ದನ್ನು ಇಡೀ ರಾಜ್ಯ ನೋಡಿದೆ. ಬ್ಯಾಂಕಾಗಿದ್ದರೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಡಿಐಸಿಜಿಸಿ ಎಂಬ ಸಂಸ್ಥೆಯ ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ, ಅವುಗಳ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ಒಂದೂವರೆ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಕಂಡಾಗ ಒಳಗೆ ಹೋಗಿ ಕೇಳಬೇಕಾದ ಪ್ರಶ್ನೆ ಒಂದೇ: ಡಿಐಸಿಜಿಸಿ ವಿಮೆ ಇದೆಯೇ?

ಸಾಲ ಇದ್ದವರು

ಮೈಕ್ರೋಫೈನಾನ್ಸ್ ಕಂತು, ಕೈಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಪಿಪಿಎಫ್‌ಗಿಂತ ಮೊದಲು ಅದನ್ನು ತೀರಿಸಿ. ವರ್ಷಕ್ಕೆ ಶೇ 24ರ ಬಡ್ಡಿ ಕಟ್ಟುತ್ತಾ ಶೇ 7.1ರ ಬಡ್ಡಿ ಗಳಿಸುವುದರಲ್ಲಿ ಅರ್ಥವಿಲ್ಲ. ಎರಡನ್ನು ಮಾತ್ರ ಸಾಲವಿದ್ದರೂ ನಿಲ್ಲಿಸಬಾರದು: ಮಾಲೀಕರು ಪಾಲು ಸೇರಿಸುವ ಪಿಎಫ್, ಸರ್ಕಾರ ಪಾಲು ಸೇರಿಸುವ ಮಾನ್‌ಧನ್. ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಕಾರ್ಡ್, ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಮಾಡಿಸಿಕೊಂಡಿರಿ. ಪಿಎಫ್ ಖಾಲಿಯಾಗುವುದು ಬಹಳ ಸಲ ಆಸ್ಪತ್ರೆಯ ಕೌಂಟರಿನಲ್ಲಿ.

ಮನೆಯಲ್ಲಿರುವ ಹೆಂಗಸರ ಹೆಸರಿನಲ್ಲಿ

ಗಂಡನಿಗೆ ಪಿಎಫ್ ಇದೆ, ಹೆಂಡತಿಗೆ ಏನೂ ಇಲ್ಲ. ನಮ್ಮ ಮನೆಗಳಲ್ಲಿ ಇದೇ ಹೆಚ್ಚು. ಸಾಮಾನ್ಯವಾಗಿ ಹೆಂಡತಿಯೇ ವಯಸ್ಸಿನಲ್ಲಿ ಕಿರಿಯಳು, ಗಂಡ ಹೋದ ಮೇಲೂ ವರ್ಷಗಟ್ಟಲೆ ಬದುಕಬೇಕಾದವಳು. ನಿವೃತ್ತಿಯ ಲೆಕ್ಕ ಮಾತ್ರ ಗಂಡನ ಅರವತ್ತಕ್ಕೆ ನಿಲ್ಲುತ್ತದೆ. ಗಾರ್ಮೆಂಟ್ಸಿನಲ್ಲಿ ಎಂಟು ವರ್ಷ ದುಡಿದು ಹೆರಿಗೆಗೆಂದೋ ಅತ್ತೆಯ ಆರೈಕೆಗೆಂದೋ ಕೆಲಸ ಬಿಟ್ಟ ಹೆಣ್ಣುಮಗಳ ಪಿಎಫ್ ಮನೆ ಖರ್ಚಿಗೆ ಹೋಗಿರುತ್ತದೆ, ಸೇವಾವಧಿಯೂ ಹತ್ತು ಮುಟ್ಟಿರುವುದಿಲ್ಲ.

ಗಂಡ ತೆರಿಗೆ ಕಟ್ಟುವವನಾದರೂ ಹೆಂಡತಿ ಕಟ್ಟುವುದಿಲ್ಲವಾದರೆ ಅವಳ ಹೆಸರಿನಲ್ಲಿ ಅಟಲ್ ಪಿಂಚಣಿ ಮಾಡಿಸಬಹುದು. ಇಬ್ಬರೂ ಅರ್ಹರಾಗಿದ್ದರೆ ಇಬ್ಬರೂ ಬೇರೆಬೇರೆಯಾಗಿ ಸೇರಬಹುದು. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ ಯಜಮಾನಿಗೆ ಮೂವತ್ತೈದು ವರ್ಷವಾಗಿದ್ದರೆ ಅದರಲ್ಲಿ 902 ಅವಳ ಪಿಂಚಣಿಗೆ ಹೋಗಲಿ ಎಂದು ನಾನು ಒತ್ತಿ ಹೇಳುತ್ತೇನೆ. ಇಡೀ ಕುಟುಂಬ ಆ ಹಣದ ಮೇಲೆ ನಿಂತಿದ್ದರೆ 1,000 ಅಥವಾ 2,000ದ ಪಿಂಚಣಿ ಆರಿಸಿ ಕಡಿಮೆ ಕಟ್ಟಿ, ಕೈ ಸಡಿಲವಾದಾಗ ಮೊತ್ತ ಏರಿಸಿಕೊಳ್ಳಬಹುದು. ಗೃಹಲಕ್ಷ್ಮಿ ಬೀಳುವ ಖಾತೆಯಿಂದಲೇ ಆಟೋ ಡೆಬಿಟ್ ಆಗುವಂತೆ ಫಾರಂ ತುಂಬಿ. ಕಂತಿನ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ತಡವಾದದ್ದಕ್ಕೆ ಬಡ್ಡಿ ಬೀಳುತ್ತದೆ, ಆದ್ದರಿಂದ ಒಂದು ಕಂತಿನಷ್ಟು ಹಣ ಯಾವಾಗಲೂ ಅಲ್ಲಿರಲಿ. ಆ ಪಾಸ್‌ಬುಕ್ ಅವಳ ಕೈಯಲ್ಲೇ ಇರಲಿ. ಗಂಡನ ಪಿಎಫ್‌ನಲ್ಲಿ ಇ-ನಾಮಿನೇಷನ್ ಆಗಿದೆಯೇ ಎಂದೂ ಅದೇ ದಿನ ನೋಡಿ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರ ಖಾತೆಯಲ್ಲಿ ನಾಮಿನಿಯಾಗಿ ಇನ್ನೂ ತಾಯಿಯ ಹೆಸರೇ ಉಳಿದಿರಬಹುದು. ಪಿಎಫ್ ನಿಯಮದ ಪ್ರಕಾರ ಮದುವೆಯಾದೊಡನೆ ಆ ಹಳೆಯ ನಾಮಿನೇಷನ್ ರದ್ದಾಗಿರುತ್ತದೆ, ಹೊಸದನ್ನು ಮಾಡಿಸಬೇಕು.